ಎರಕದ ಗುಂಡಿಗೆ ದೊಡ್ಡ ನಳಿಗೆಯ ಬೇಟೆ ರೈಫಲ್: ಅಳೆದು ಕೊಳ್ಳುವುದು ಹೇಗೆ

ನಾನು ಮೊದಲು ಕೊಂಡ ದೊಡ್ಡ ನಳಿಗೆಯ ರೈಫಲ್ ನೋಡೋಕೆ ತುಂಬಾ ಚೆನ್ನಾಗಿತ್ತು. ಹೊಳೆಯುವ ಮರದ ಬಟ್, ಸರಾಗವಾಗಿ ಜಾರುವ ಲಿವರ್, ನಳಿಗೆಯ ಮೇಲೆ .45-70 ಅನ್ನುವ ತೋಟಾದ ಹೆಸರು. ಅಷ್ಟಕ್ಕೇ ಮನಸೋತೆ. ದಿನಗಟ್ಟಲೆ ಕೂತು ಎರಕ ಹೊಯ್ದ ಗುಂಡುಗಳನ್ನು ಅದರಲ್ಲಿ ಹಾಕಿ 50 ಗಜದಿಂದ ಹಾರಿಸಿದೆ. ಐದರಲ್ಲಿ ಎರಡು ಗುಂಡು ಅಡ್ಡಡ್ಡ ಹೋಗಿ, ತಮ್ಮ ಪಕ್ಕೆಯ ಆಕಾರವನ್ನೇ ಕಾಗದದಲ್ಲಿ ಕತ್ತರಿಸಿದ್ದವು. ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿದರೆ ಬೆಳ್ಳಿ ರೇಕು ಹಚ್ಚಿದ ಹಾಗೆ ಸೀಸ ಅಂಟಿಕೊಂಡಿತ್ತು.

ಮದ್ದು ಬದಲಿಸಿದೆ. ಸೀಸದ ಬೆರಕೆ ಬದಲಿಸಿದೆ. ಗುಂಡಿಗೆ ಸವರುವ ಮೇಣವನ್ನೂ ಬದಲಿಸಿದೆ. ಏನೂ ಪ್ರಯೋಜನವಾಗಲಿಲ್ಲ. ಕೊನೆಗೆ ನಳಿಗೆಯನ್ನೇ ಅಳೆದಾಗ ಗೊತ್ತಾಯಿತು: ನಳಿಗೆಯೊಳಗೆ ಸುರುಳಿಯಾಗಿ ಕೊರೆದ ತೋಡಿನಿಂದ ಎದುರಿನ ತೋಡಿಗೆ 0.460 ಇಂಚು ಇದೆ, ನನ್ನ ಗುಂಡು 0.458 ಇಂಚು. ವ್ಯತ್ಯಾಸ ಒಂದು ಇಂಚಿನ ಸಾವಿರದಲ್ಲಿ ಎರಡು ಪಾಲು, ಅಷ್ಟೇ. ತಾಮ್ರದ ಹೊದಿಕೆಯ ಗುಂಡಾದರೆ ಇಷ್ಟನ್ನು ಎಷ್ಟೋ ಸಲ ಸಹಿಸಿಕೊಳ್ಳುತ್ತದೆ. ಎರಕದ ಸೀಸದ ಗುಂಡು ಸಹಿಸುವುದಿಲ್ಲ. ಆ ಸಣ್ಣ ಸಂದಿನಲ್ಲಿ ಬಿಸಿ ಅನಿಲ ನುಗ್ಗಿ ಗುಂಡಿನ ಪಕ್ಕೆಯನ್ನು ಕೊರೆದು ಹಾಕುತ್ತದೆ.

ಅದಕ್ಕೇ ಯಾರಾದರೂ "ಎರಕದ ಗುಂಡಿಗೆ ಯಾವ ರೈಫಲ್ ತಗೊಳ್ಳಲಿ?" ಅಂತ ಕೇಳಿದರೆ, "ಯಾವ ಗುಂಡು ಹಾರಿಸ್ತೀರಿ, ಯಾವ ಪ್ರಾಣಿಗೆ, ಎಷ್ಟು ದೂರದಿಂದ?" ಅಂತ ನಾನು ಮೊದಲು ಕೇಳುತ್ತೇನೆ. ಗುಂಡಿನಿಂದ ಶುರು ಮಾಡಿ ರೈಫಲ್‌ಗೆ ಬರಬೇಕು. ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡುತ್ತಾರೆ, ನಾನೂ ಮಾಡಿದ್ದೆ.

1. ಕಾನೂನು, ಪ್ರಾಣಿ, ದೂರ

ಮೊದಲು ನೀವು ಬೇಟೆಯಾಡುವ ಜಾಗದ ನಿಯಮ ಓದಿಕೊಳ್ಳಿ. ಪರವಾನಗಿ, ಯಾವ ಪ್ರಾಣಿಗೆ ಯಾವ ಋತು ಎಂಬುದು ಒಂದು ಕಡೆ. ಸೀಸಕ್ಕೇ ನಿಷೇಧ ಇದೆಯಾ ಎಂಬುದು ಇನ್ನೊಂದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಸೀಸದ ಗುಂಡು ಬಳಸಿ ಬೇಟೆಯಾಡುವಂತಿಲ್ಲ. ಇಂಥ ಕಡೆ ಎರಕದ ಗುಂಡಿಗೆಂದೇ ರೈಫಲ್ ಕೊಂಡರೆ ಅದು ಗುರಿ ಅಭ್ಯಾಸಕ್ಕೆ ಮಾತ್ರ.

ಆಮೇಲೆ ದೂರ. ಇದರಲ್ಲಿ ನಿಮಗೆ ನೀವೇ ಸುಳ್ಳು ಹೇಳಿಕೊಳ್ಳಬೇಡಿ. ದೊಡ್ಡ ಎರಕದ ಗುಂಡು ನಿಧಾನ. 405 ಗ್ರೇನ್ ತೂಕದ ಗುಂಡು, ಅಂದರೆ ಸುಮಾರು 26 ಗ್ರಾಂ, ಸೆಕೆಂಡಿಗೆ 1,300 ಅಡಿ ವೇಗದಲ್ಲಿ ಹೊರಟಿತು ಅನ್ನಿ. 100 ಗಜಕ್ಕೆ ಸರಿಯಾಗಿ ಗುರಿ ಹೊಂದಿಸಿದ್ದರೆ 200 ಗಜಕ್ಕೆ ಅದು ಸುಮಾರು 2 ಅಡಿ ಕೆಳಗೆ ಬೀಳುತ್ತದೆ. ಕಾಡಂಚಿನಲ್ಲಿ ಪ್ರಾಣಿ ಎಷ್ಟು ದೂರ ಇದೆ ಅಂತ ಕಣ್ಣಂದಾಜು ಮಾಡುವಾಗ 25 ಗಜ ತಪ್ಪುವುದು ಏನೂ ದೊಡ್ಡ ಮಾತಲ್ಲ. ಆ 25 ಗಜವೇ ಗಾಯಗೊಂಡು ಓಡುವ ಪ್ರಾಣಿಗೆ ಕಾರಣವಾಗುತ್ತದೆ. ನಾನು 125 ಗಜಕ್ಕೆ ನಿಲ್ಲಿಸುತ್ತೇನೆ. ನಿಮ್ಮ ಬೇಟೆ ಬಯಲಿನಲ್ಲಿ, 250 ಗಜದಲ್ಲಿ ಅಂತಾದರೆ ಎರಕದ ಗುಂಡು ನಿಮ್ಮ ದಾರಿಯಲ್ಲ. ಇದನ್ನು ಈಗಲೇ ತಿಳಿದುಕೊಂಡರೆ ಒಳ್ಳೆಯದು, ಅಲ್ವಾ?

ಹತ್ತಿರದ ದೂರದಲ್ಲಿ ಮಾತ್ರ ಈ ಗುಂಡಿನ ಕೆಲಸ ಬಹಳ ನಂಬಿಕೆಯದು. ಅರ್ಧ ಇಂಚಿಗೆ ಹತ್ತಿರದ ದಪ್ಪ ಮೊದಲೇ ಇದೆ. ಒಳಗೆ ಹೋಗಿ ಅರಳಲೇಬೇಕು ಅಂತಿಲ್ಲ. ಮೂತಿ ಅಗಲವಾಗಿ, ಚಪ್ಪಟೆಯಾಗಿ ಇದ್ದರೆ ಸಾಕು, ನೇರ ದಾರಿ ಮಾಡಿಕೊಂಡು ಬಹುಪಾಲು ಆಚೆ ಬದಿಯಿಂದ ಹೊರಬರುತ್ತದೆ. ಜಿಂಕೆ, ಕಾಡುಹಂದಿಯಿಂದ ಎಲ್ಕ್ ಅನ್ನುವ ದೊಡ್ಡ ಜಿಂಕೆಯ ತನಕ ಇದೇ ಲೆಕ್ಕ.

2. ತೋಟಾ

ನನ್ನ ಮಟ್ಟಿಗೆ ದೊಡ್ಡ ನಳಿಗೆ ಅಂದರೆ .35 ಇಂಚಿನಿಂದ ಮೇಲೆ. ಅಲ್ಲಿಂದ .50ರವರೆಗೆ ಹತ್ತಾರು ತೋಟಾಗಳಿವೆ. ಆದರೆ ಮೊದಲ ಸಲ ಕೊಳ್ಳುವವರಿಗೆ ನಾನು ಹೇಳುವುದು ಒಂದೇ: .45-70.

ಕಾರಣ ಇದೆ. ಇದು 1873ರಲ್ಲಿ ಅಮೆರಿಕದ ಸೈನ್ಯಕ್ಕೆ ಬಂದ ತೋಟಾ. ಆಗ ಅದರಲ್ಲಿ ಇದ್ದದ್ದೇ ಸೀಸದ ಗುಂಡು, 405 ಗ್ರೇನ್, ಅದರ ಹಿಂದೆ 70 ಗ್ರೇನ್ ಕಪ್ಪು ಮದ್ದು. ಅಂದರೆ ಈ ತೋಟಾ ಹುಟ್ಟಿದ್ದೇ ಎರಕದ ಗುಂಡಿಗೆ. ನಾವು ಹೊಸದಾಗಿ ಏನನ್ನೂ ಒಗ್ಗಿಸಬೇಕಾಗಿಲ್ಲ. ಗುಂಡು ಹೊಯ್ಯುವ ಅಚ್ಚುಗಳು 300 ಗ್ರೇನ್‌ನಿಂದ 500 ಗ್ರೇನ್ ದಾಟಿಯೂ ಸಿಗುತ್ತವೆ. ಖಾಲಿ ತೋಟಾ ಸುಲಭವಾಗಿ ಸಿಗುತ್ತದೆ. ಹಗುರ ಮದ್ದಿನಲ್ಲೂ ಚೆನ್ನಾಗಿ ನಡೆಯುತ್ತದೆ.

.444 ಮಾರ್ಲಿನ್ 1964ರದ್ದು. ಒಳ್ಳೆಯ ತೋಟಾ, ಆದರೆ ನಳಿಗೆಯ ತಿರುವು ನೋಡಿಕೊಂಡೇ ಕೊಳ್ಳಬೇಕು. ಅದನ್ನು ಮುಂದೆ ಹೇಳುತ್ತೇನೆ. .35 ರೆಮಿಂಗ್ಟನ್ 1906ರದ್ದು. ಜಿಂಕೆಗೆ ಸಾಕು, ಭುಜಕ್ಕೂ ಮೆದು. 200 ಗ್ರೇನ್ ಆಸುಪಾಸಿನ ಗುಂಡಿಗೆ ಅದಕ್ಕಿಂತ ಹಿತವಾದದ್ದು ನಾನು ಕಂಡಿಲ್ಲ. .375 ಹಾಲೆಂಡ್ ಅಂಡ್ ಹಾಲೆಂಡ್ ಮತ್ತು .458 ವಿಂಚೆಸ್ಟರ್ ಮ್ಯಾಗ್ನಮ್ ಎರಡೂ ಆಫ್ರಿಕಾದ ದೊಡ್ಡ ಪ್ರಾಣಿಗಳಿಗೆ ಹೆಸರಾದವು. ಅವುಗಳಲ್ಲಿ ಕಡಿಮೆ ಮದ್ದು ಹಾಕಿ ಎರಕದ ಗುಂಡು ಹಾರಿಸುವವರು ಇದ್ದಾರೆ, ಚೆನ್ನಾಗಿಯೂ ಹಾರುತ್ತದೆ. ಅಂಥ ರೈಫಲ್ ಈಗಾಗಲೇ ನಿಮ್ಮ ಹತ್ತಿರ ಇದ್ದರೆ ಖಂಡಿತ ಮಾಡಿ ನೋಡಿ. ಎರಕಕ್ಕೆಂದೇ ಹೊಸದಾಗಿ ಕೊಳ್ಳುವುದು ಬೇಡ.

3. ಯಾವ ಬಗೆಯ ರೈಫಲ್, ಎಷ್ಟು ಒತ್ತಡ ತಡೆಯುತ್ತದೆ

ಕೆಳಗಿನ ಹಿಡಿ ಎಳೆದು ತೋಟಾ ಏರಿಸುವ ಲಿವರ್, ಸಲಕ್ಕೆ ಒಂದನ್ನೇ ಹಾಕುವ ಒಂದೇ ತೋಟಾದ ರೈಫಲ್, ಪಕ್ಕದ ಹಿಡಿ ಹಿಂದೆ ಮುಂದೆ ಎಳೆಯುವ ಬೋಲ್ಟ್. ಈ ಮೂರರಲ್ಲಿ ಒಂದು.

ಲಿವರ್ ರೈಫಲ್ ಕಾಡಿನಲ್ಲಿ ಓಡಾಡಲು ಹಗುರ, ಎರಡನೇ ಗುಂಡು ಬೇಗ ಸಿಗುತ್ತದೆ. ಆದರೆ ಎರಡು ಕಟ್ಟುಪಾಡುಗಳಿವೆ. ನಳಿಗೆಯ ಕೆಳಗಿನ ಕೊಳವೆಯಲ್ಲಿ ತೋಟಾಗಳು ಒಂದರ ಹಿಂದೆ ಒಂದು ಸಾಲಾಗಿ ಕೂರುತ್ತವೆ. ಒಂದರ ಮೂತಿ ಮುಂದಿನದರ ಪ್ರೈಮರ್‌ಗೆ, ಅಂದರೆ ತೋಟಾದ ಬುಡದಲ್ಲಿ ಮದ್ದಿಗೆ ಕಿಡಿ ಕೊಡುವ ಪುಟ್ಟ ಬಿಲ್ಲೆಗೆ, ಒರಗಿರುತ್ತದೆ. ಚೂಪು ಮೂತಿಯ ಗಟ್ಟಿ ಗುಂಡು ಹಾಕಿದರೆ ಒದೆತಕ್ಕೆ ಆ ಪ್ರೈಮರ್ ಸಿಡಿಯಬಹುದು. ಹಾಗಾಗಿ ಚಪ್ಪಟೆ ಮೂತಿ ಬಿಟ್ಟು ಬೇರೆ ಹಾಕಬೇಡಿ. ಇನ್ನೊಂದು, ತೋಟಾದ ಒಟ್ಟು ಉದ್ದ. ಮಾರ್ಲಿನ್ 1895 ಮಾದರಿಯ ಲಿವರ್ ರೈಫಲ್‌ನಲ್ಲಿ .45-70 ತೋಟಾ ಸುಮಾರು 2.55 ಇಂಚು ದಾಟಿದರೆ ಒಳಗೆ ಸಲೀಸಾಗಿ ಏರುವುದಿಲ್ಲ. ಉದ್ದ ಮೂತಿಯ 500 ಗ್ರೇನ್ ಗುಂಡಿನ ಮೇಲೆ ಮನಸ್ಸಿದ್ದರೆ ಲಿವರ್ ಬೇಡ.

ಒಂದೇ ತೋಟಾದ ರೈಫಲ್‌ನಲ್ಲಿ ಈ ಎರಡೂ ತಲೆನೋವಿಲ್ಲ. ಗುಂಡನ್ನು ಎಷ್ಟು ಮುಂದಕ್ಕೆ ಬೇಕೋ ಅಷ್ಟು ಮುಂದೆ ಕೂರಿಸಬಹುದು, ನಳಿಗೆಯ ದಿಣ್ಣೆಗೆ, ಅಂದರೆ ತೋಡುಗಳ ನಡುವಿನ ಎತ್ತರದ ಭಾಗಕ್ಕೆ, ತಾಗುವ ಹಾಗೆ. ಎರಕದ ಗುಂಡು ಹೀಗೆ ಕೂತಾಗಲೇ ನೇರ ಹೋಗುವುದು. 1967ರಲ್ಲಿ ಬಂದ ರುಗರ್ ನಂ. 1, ಹಳೆಯ ಶಾರ್ಪ್ಸ್ ಮಾದರಿಯ ರೈಫಲ್‌ಗಳು ಈ ಗುಂಪಿನವು. ತಾಳ್ಮೆ ಇರುವವರಿಗೆ ನಾನು ಇದನ್ನೇ ಹೇಳುತ್ತೇನೆ. ಒಂದೇ ತೋಟಾ ಇದೆ ಅಂದಾಗ ಕೈ ತಾನಾಗಿಯೇ ಕಾಯುವುದನ್ನು ಕಲಿಯುತ್ತದೆ.

ಈಗ ಒತ್ತಡ. ಇದನ್ನು ದಯವಿಟ್ಟು ನಿಧಾನವಾಗಿ ಓದಿ. .45-70 ಅಂತ ಬರೆದ ಎಲ್ಲ ರೈಫಲ್‌ಗಳೂ ಒಂದೇ ಅಲ್ಲ. ಅಮೆರಿಕದ ಉದ್ಯಮದ ಮಾನದಂಡ ಈ ತೋಟಾಕ್ಕೆ ಗರಿಷ್ಠ 28,000 ಪಿಎಸ್ಐ (ಚದರ ಇಂಚಿಗೆ ಪೌಂಡ್) ಒತ್ತಡ ಎನ್ನುತ್ತದೆ. ಕಾರಣ 1873ರ ಸ್ಪ್ರಿಂಗ್‌ಫೀಲ್ಡ್ ಟ್ರ್ಯಾಪ್‌ಡೋರ್‌ನಂಥ ಹಳೆಯ ರೈಫಲ್‌ಗಳು ಇನ್ನೂ ಜನರ ಕೈಯಲ್ಲಿವೆ. ಹೊಸ ಲಿವರ್ ರೈಫಲ್‌ಗಳು ಅದಕ್ಕಿಂತ ಜಾಸ್ತಿ ತಡೆಯುತ್ತವೆ, ಗಟ್ಟಿಮುಟ್ಟಾದ ಒಂದೇ ತೋಟಾದ ರೈಫಲ್‌ಗಳು ಇನ್ನೂ ಜಾಸ್ತಿ. ಅದಕ್ಕೇ ಮದ್ದಿನ ಕೈಪಿಡಿಗಳಲ್ಲಿ .45-70ಗೆ ಮೂರು ಬೇರೆ ಬೇರೆ ಪಟ್ಟಿಗಳಿರುತ್ತವೆ. ಮೂರನೇ ಪಟ್ಟಿಯ ತೋಟಾ ಮೊದಲನೇ ಗುಂಪಿನ ರೈಫಲ್‌ಗೆ ಹೋದರೆ ರೈಫಲ್ ಒಡೆಯುತ್ತದೆ. ಮುಖ ಇರುವುದು ಅದರ ಹಿಂದೆಯೇ. ಹಾಗಾಗಿ ರೈಫಲ್ ಯಾವ ಗುಂಪಿನದು ಎಂದು ಖಚಿತವಾಗದೆ ಕೊಳ್ಳಬೇಡಿ. ಮನೆಯಲ್ಲಿ ಎರಡು .45-70 ಇದ್ದರೆ ತೋಟಾ ಡಬ್ಬಿಗಳಿಗೆ ಬೇರೆ ಬೇರೆ ಬಣ್ಣದ ಚೀಟಿ ಅಂಟಿಸಿ.

4. ತಿರುವು

ನಳಿಗೆಯೊಳಗಿನ ತೋಡುಗಳು ಎಷ್ಟು ಇಂಚಿಗೆ ಒಂದು ಪೂರ್ತಿ ಸುತ್ತು ಹಾಕುತ್ತವೆ ಎಂಬುದೇ ತಿರುವು. ಗುಂಡು ಉದ್ದವಾದಷ್ಟೂ ತಿರುವು ಬಿಗಿಯಾಗಿರಬೇಕು. ಇದಕ್ಕೆ ಗ್ರೀನ್‌ಹಿಲ್ ಅನ್ನುವ 1879ರ ಹಳೆಯ ಸೂತ್ರ ಇವತ್ತಿಗೂ ಸಾಕು: 150ನ್ನು ಗುಂಡಿನ ವ್ಯಾಸದ ವರ್ಗದಿಂದ ಗುಣಿಸಿ, ಗುಂಡಿನ ಉದ್ದದಿಂದ ಭಾಗಿಸಿ.

.458 ಗುಂಡು 1.1 ಇಂಚು ಉದ್ದ ಇದ್ದರೆ ಉತ್ತರ ಸುಮಾರು 28.6. ಅಂದರೆ 28 ಇಂಚಿಗೆ ಒಂದು ಸುತ್ತು ಸಾಕು. 1.3 ಇಂಚು ಉದ್ದದ ಭಾರಿ ಗುಂಡಿಗೆ ಸುಮಾರು 24. ಈಗಿನ .45-70ಗಳಲ್ಲಿ ಸಾಮಾನ್ಯವಾಗಿ 20 ಇಂಚಿಗೆ ಒಂದು ಸುತ್ತು ಇರುವುದರಿಂದ ಎರಡೂ ಸಲೀಸು. ಈಗ ಹಳೆಯ .444 ಮಾರ್ಲಿನ್ ನೋಡಿ. ಅದರಲ್ಲಿ 38 ಇಂಚಿಗೆ ಒಂದು ಸುತ್ತು. ಅದೇ ಲೆಕ್ಕ ಹಾಕಿದರೆ ಮುಕ್ಕಾಲು ಇಂಚಿಗಿಂತ ಉದ್ದದ ಗುಂಡಿಗೆ ಭರವಸೆ ಇಲ್ಲ. ಈ ಸೂತ್ರ ಸ್ವಲ್ಪ ಜಾಗ್ರತೆಯ ಕಡೆಗೇ ವಾಲುತ್ತದೆ, 300 ಗ್ರೇನ್ ಗುಂಡನ್ನೂ ಅದರಲ್ಲಿ ಚೆನ್ನಾಗಿ ಹಾರಿಸಿದವರಿದ್ದಾರೆ. ಆದರೂ ಭಾರಿ ಗುಂಡಿನ ಆಸೆ ಇರುವವರು .444 ಕೊಳ್ಳುವುದಾದರೆ 20ರ ತಿರುವಿನ ಹೊಸದನ್ನೇ ಹುಡುಕಿ.

ಅಂಗಡಿಯಲ್ಲೇ ತಿರುವು ಅಳೆಯಬಹುದು. ಹಿಡಿ ತಾನಾಗಿ ತಿರುಗುವ ಕ್ಲೀನಿಂಗ್ ರಾಡ್‌ಗೆ ಬಿಗಿಯಾಗಿ ಬಟ್ಟೆ ಸುತ್ತಿ ನಳಿಗೆಯೊಳಗೆ ತಳ್ಳಿ. ರಾಡ್ ಮೇಲೆ ಒಂದು ಗುರುತು ಹಾಕಿ. ಗುರುತು ಪೂರ್ತಿ ಒಂದು ಸುತ್ತು ತಿರುಗುವಷ್ಟರಲ್ಲಿ ರಾಡ್ ಎಷ್ಟು ಇಂಚು ಒಳಗೆ ಹೋಯಿತು ಎಂದು ಅಳೆಯಿರಿ. ಎರಡು ನಿಮಿಷದ ಕೆಲಸ.

5. ನಳಿಗೆಯನ್ನು ಸೀಸದಿಂದ ಅಳೆಯುವುದು

ಈ ಲೇಖನದಲ್ಲಿ ಒಂದೇ ಒಂದು ಹೆಜ್ಜೆ ಪಾಲಿಸುವುದಾದರೆ ಇದನ್ನು ಪಾಲಿಸಿ. ಮಾರುವವರು ಒಪ್ಪಿದರೆ ಕೊಳ್ಳುವ ಮೊದಲೇ, ಇಲ್ಲದಿದ್ದರೆ ಅಚ್ಚು ಕೊಳ್ಳುವ ಮೊದಲಾದರೂ.

ರೈಫಲ್ ಖಾಲಿ ಇದೆಯಾ ಅಂತ ಕಣ್ಣಿಂದಲೂ ನೋಡಿ, ಬೆರಳಿಂದಲೂ ಮುಟ್ಟಿ ನೋಡಿ. ಬೋಲ್ಟ್ ಅಥವಾ ಬ್ಲಾಕ್ ತೆರೆದಿಡಿ. ನಳಿಗೆ ಚೊಕ್ಕ ಮಾಡಿ, ಒಳಗೆ ತೆಳುವಾಗಿ ಎಣ್ಣೆ ಸವರಿ. ಮೀನು ಹಿಡಿಯುವವರು ಗಾಳದ ದಾರಕ್ಕೆ ಕಟ್ಟುವ ಮೆದು ಸೀಸದ ಗುಂಡು ಇದಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ. ತೋಡಿನ ವ್ಯಾಸಕ್ಕಿಂತ ಕೂದಲಷ್ಟು ದಪ್ಪ ಇರುವುದನ್ನು ಆರಿಸಿ. ಅದನ್ನು ನಳಿಗೆಯ ಬಾಯಿಗಿಟ್ಟು ಮರದ ಸುತ್ತಿಗೆಯಿಂದ ಮೆಲ್ಲಗೆ ಬಡಿಯಿರಿ. ಸುತ್ತಲೂ ಉಂಗುರದ ಹಾಗೆ ಒಂದು ತೆಳು ಸೀಸದ ಚೂರು ಕತ್ತರಿಸಿ ಬಿದ್ದರೆ ಗಾತ್ರ ಸರಿಯಾಗಿದೆ ಎಂದರ್ಥ. ಆಮೇಲೆ ಹಿತ್ತಾಳೆ ರಾಡ್‌ನಿಂದ ತಳ್ಳಿ. ಉಕ್ಕಿನ ರಾಡ್ ಬೇಡ, ನಳಿಗೆಯ ಬಾಯಿಯ ಅಂಚು ಕೆಡುತ್ತದೆ.

ತಳ್ಳುವಾಗ ಅವಸರ ಬೇಡ. ಅಳತೆಗಿಂತ ಮೊದಲು ನಿಮ್ಮ ಅಂಗೈ ನಿಮಗೆ ವಿಷಯ ಹೇಳುತ್ತದೆ. ಒಳ್ಳೆಯ ನಳಿಗೆಯಲ್ಲಿ ಸೀಸ ಉದ್ದಕ್ಕೂ ಒಂದೇ ಬಿಗಿಯಲ್ಲಿ ಜಾರುತ್ತದೆ. ಕೆಲವುದರಲ್ಲಿ ಗುರಿ ಹಿಡಿಯುವ ಹಿಂಬದಿಯ ಸೈಟ್ ಕೂರಿಸಲು ಕೊರೆದ ಜಾಗದ ಕೆಳಗೆ, ಹೆಸರು ಒತ್ತಿದ ಜಾಗದ ಕೆಳಗೆ, ಇಲ್ಲವೇ ನಳಿಗೆಯನ್ನು ಚೌಕಟ್ಟಿಗೆ ತಿರುಪಿ ಬಿಗಿದ ಜಾಗದಲ್ಲಿ ತಟಕ್ಕನೆ ಬಿಗಿಯಾಗುತ್ತದೆ. ಅಲ್ಲಿಂದ ಮುಂದೆ ಮತ್ತೆ ಸಡಿಲ. ಬಾಯಿಯ ಕಡೆಗೆ ಹೋಗುತ್ತಾ ಕೊಂಚ ಬಿಗಿಯಾದರೆ ಒಳ್ಳೆಯದೇ. ಹಿಂಬದಿಯಲ್ಲಿ ಬಿಗಿ, ಬಾಯಿಯಲ್ಲಿ ಸಡಿಲ ಅಂತಾದರೆ ಆ ರೈಫಲ್ ವಾಪಸ್ ಕೊಡಿ. ಹಿಂದಿನ ಬಿಗಿ ಜಾಗದಲ್ಲಿ ಗುಂಡು ಒಮ್ಮೆ ಸಣ್ಣದಾದರೆ ಮುಂದೆ ನಳಿಗೆಯನ್ನು ತುಂಬುವುದಿಲ್ಲ.

ಹೊರಬಂದ ಸೀಸವನ್ನು ಬೆಳಕಿಗೆ ಹಿಡಿಯಿರಿ. ಉಬ್ಬಿದ ಗೆರೆಗಳು ನಳಿಗೆಯ ತೋಡು, ತಗ್ಗಿದವು ದಿಣ್ಣೆ. ಉಬ್ಬಿನಿಂದ ಎದುರಿನ ಉಬ್ಬಿಗೆ ಮೈಕ್ರೊಮೀಟರ್‌ನಲ್ಲಿ ಅಳೆಯಿರಿ. ಕ್ಯಾಲಿಪರ್ ಸಾಲದು, ನಮಗೆ ಬೇಕಾದದ್ದು ಸಾವಿರದ ಒಂದು ಪಾಲಿನ ಲೆಕ್ಕ. ತೋಡುಗಳ ಸಂಖ್ಯೆ ಮೂರು, ಐದು ಹೀಗೆ ಬೆಸವಾಗಿದ್ದರೆ ಉಬ್ಬಿನ ಎದುರು ಉಬ್ಬು ಬರುವುದಿಲ್ಲ. ಟ್ರ್ಯಾಪ್‌ಡೋರ್‌ನಲ್ಲಿ ಮೂರೇ ತೋಡು. ಅದಕ್ಕೆ ವಿ ಆಕಾರದ ಕೂರುಪಟ್ಟಿ ಇರುವ ಮೈಕ್ರೊಮೀಟರ್ ಬೇಕು.

ಬಂದ ಅಳತೆಗೆ ಸಾವಿರದ ಒಂದರಿಂದ ಎರಡು ಪಾಲು ಸೇರಿಸಿ. ನಿಮ್ಮ ಗುಂಡು ಅಷ್ಟು ದಪ್ಪ ಇರಬೇಕು. ನನ್ನ 0.460ರ ನಳಿಗೆಗೆ 0.461ರ ಗುಂಡು ಹಾಕಿದ ದಿನ ತೂತುಗಳು ದುಂಡಗೆ, ಒಂದರ ಪಕ್ಕ ಒಂದು ಬಿದ್ದವು.

ಮಾರ್ಲಿನ್‌ನ ಮೈಕ್ರೋ-ಗ್ರೂವ್ ನಳಿಗೆಗಳ ಬಗ್ಗೆ ಒಂದು ಮಾತು. ಅವುಗಳಲ್ಲಿ ತೋಡು ಜಾಸ್ತಿ, ಆಳ ಕಡಿಮೆ. "ಅದರಲ್ಲಿ ಎರಕದ ಗುಂಡು ನಡೆಯಲ್ಲ" ಅಂತ ಹೇಳುವವರು ಬಹಳ. ನಡೆಯುತ್ತದೆ. ಗುಂಡು ಸರಿಯಾದ ದಪ್ಪ ಇರಬೇಕು, ತೀರಾ ಮೆದುವಾಗಿರಬಾರದು, ಅಷ್ಟೇ. ಕೇಳಿದ ಮಾತಿಗೆ ಹೆದರಿ ಒಳ್ಳೆಯ ಹಳೆಯ ರೈಫಲ್ ಬಿಟ್ಟುಬಿಡಬೇಡಿ. ಆಳವಾದ ತೋಡಿನ ನಳಿಗೆ ಸಿಕ್ಕರೆ ಮಾತ್ರ ಕೆಲಸ ಇನ್ನೂ ಸುಲಭ.

6. ಗಂಟಲು

ಚೇಂಬರ್ ಅನ್ನುವ ತೋಟಾ ಕೂರುವ ಜಾಗಕ್ಕೂ ತೋಡುಗಳು ಶುರುವಾಗುವ ಜಾಗಕ್ಕೂ ನಡುವೆ ಇರುವುದೇ ಗಂಟಲು. ಗುಂಡು ಮೊದಲು ನೇರವಾಗುವುದು ಇಲ್ಲಿ. ಗಂಟಲು ತೋಡಿಗಿಂತ ಅಗಲವಾಗಿದ್ದರೆ ಗುಂಡನ್ನು ಗಂಟಲಿನ ಅಳತೆಗೇ ಮಾಡಬೇಕು.

ಇದನ್ನು ನೋಡಲು ಸೆರೋಸೇಫ್ ಅನ್ನುವ ಮಿಶ್ರಲೋಹ ಬಳಸುತ್ತಾರೆ. 70ರಿಂದ 88 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ. ನಳಿಗೆಗೆ ಸ್ವಲ್ಪ ಮುಂದೆ ಬಟ್ಟೆ ತುರುಕಿ, ಹಿಂದಿನಿಂದ ಹೊಯ್ದು, ಗಟ್ಟಿಯಾದ ಮೇಲೆ ತಳ್ಳಿ ತೆಗೆಯಿರಿ. ಮೊದಲ ಅರ್ಧ ಗಂಟೆ ಅದು ಕುಗ್ಗುತ್ತದೆ, ಆಮೇಲೆ ಹಿಗ್ಗುತ್ತದೆ. ಹೊಯ್ದು ಸರಿಯಾಗಿ ಒಂದು ಗಂಟೆಗೆ ಅಳೆದರೆ ನಿಜವಾದ ಅಳತೆ ಸಿಗುತ್ತದೆ.

ಇನ್ನೂ ಸುಲಭದ ಪರೀಕ್ಷೆ ಒಂದಿದೆ. ಆ ರೈಫಲ್‌ನಲ್ಲಿ ಹಾರಿಸಿದ ಖಾಲಿ ತೋಟಾ ತೆಗೆದುಕೊಂಡು, ನಿಮಗೆ ಬೇಕಾದ ದಪ್ಪದ ಗುಂಡನ್ನು ಅದರ ಬಾಯಿಗೆ ಬೆರಳಲ್ಲಿ ಇಳಿಬಿಡಿ. ತಡೆಯಿಲ್ಲದೆ ಜಾರಿದರೆ ಸರಿ. ಬಾಯಲ್ಲೇ ಸಿಕ್ಕಿಕೊಂಡರೆ ಆ ದಪ್ಪದ ಗುಂಡಿಗೆ ಚೇಂಬರ್‌ನಲ್ಲಿ ಜಾಗ ಇಲ್ಲ. ತೋಟಾದ ಬಾಯಿ ಅರಳಲು ಎಡೆಯಿಲ್ಲದಾಗ ಒತ್ತಡ ಅಪಾಯದ ಮಟ್ಟಕ್ಕೆ ಏರುತ್ತದೆ. ನಳಿಗೆ ಅಗಲ, ಚೇಂಬರ್ ಬಿಗಿ ಅನ್ನುವಂಥ ರೈಫಲ್ ಎರಕದ ಗುಂಡಿನವರಿಗೆ ಆಗಿಬರುವುದಿಲ್ಲ.

7. ತೂಕ ಮತ್ತು ಒದೆತ

ಏಳೂವರೆ ಪೌಂಡ್ ತೂಕದ ರೈಫಲ್‌ನಲ್ಲಿ 405 ಗ್ರೇನ್ ಗುಂಡು 1,300 ಅಡಿ ವೇಗದಲ್ಲಿ ಹೋದರೆ ಒದೆತ ಸುಮಾರು 19 ಫುಟ್-ಪೌಂಡ್. ಮಾಮೂಲಿ .30-06 ರೈಫಲ್ ಹೆಚ್ಚುಕಡಿಮೆ ಇಷ್ಟೇ ಒದೆಯುತ್ತದೆ. ಅದೇ ಗುಂಡನ್ನು 1,800ಕ್ಕೆ ಏರಿಸಿದರೆ ಒದೆತ 36ರ ಹತ್ತಿರ, ಸರಿಸುಮಾರು ಎರಡು ಪಟ್ಟು. ಸುಮ್ನೆ ವೇಗಕ್ಕೆ ಆಸೆಪಟ್ಟು ಒದೆತಕ್ಕೆ ಹೆದರುವ ಅಭ್ಯಾಸ ಬೆಳೆಸಿಕೊಂಡವರನ್ನು ನಾನು ಬಹಳ ನೋಡಿದ್ದೇನೆ. ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತದೆ. ಆ ಅಭ್ಯಾಸ ಬಿಡಿಸುವುದಕ್ಕೆ ವರ್ಷ ಬೇಕು.

ಬಟ್‌ನ ಹಿಂಭಾಗ ಅಗಲವಾಗಿ, ಚಪ್ಪಟೆಯಾಗಿ, ರಬ್ಬರ್ ಪ್ಯಾಡ್ ಇರುವುದನ್ನು ಆರಿಸಿ. ಹಳೆಯ ಮಾದರಿಯ ಅರ್ಧಚಂದ್ರದ ಉಕ್ಕಿನ ಬಟ್ ನೋಡಲು ಚಂದ, ಭುಜಕ್ಕೆ ನೋವು. ಸೈಟ್ ವಿಷಯದಲ್ಲಿ, ಸಣ್ಣ ತೂತಿನ ಮೂಲಕ ನೋಡಿ ಗುರಿ ಹಿಡಿಯುವ ಹಿಂಬದಿಯ ಪೀಪ್ ಸೈಟ್ ನನಗೆ ಸಾಕಾಗಿದೆ. ಮೇಲೆ ಕೆಳಗೆ ಹೊಂದಿಸಲು ಸಾಕಷ್ಟು ಎಡೆ ಇರಲಿ.

8. ಅಚ್ಚು ಮತ್ತು ಸೀಸ

ಅಳತೆ ಕೈಯಲ್ಲಿ ಸಿಕ್ಕ ಮೇಲೆ ಅಚ್ಚು ಕೊಳ್ಳಿ. ಬೇಕಾದದ್ದಕ್ಕಿಂತ ಕೊಂಚ ದಪ್ಪ ಬೀಳುವ ಅಚ್ಚೇ ಇರಲಿ. ದಪ್ಪ ಗುಂಡನ್ನು ಸೈಜಿಂಗ್ ಡೈನಲ್ಲಿ ಒತ್ತಿ ಸಣ್ಣದು ಮಾಡಬಹುದು, ಸಣ್ಣದನ್ನು ದಪ್ಪ ಮಾಡುವುದು ಕಷ್ಟ. ಒಂದೇ ಅಚ್ಚಿನಲ್ಲಿ ಶುದ್ಧ ಸೀಸ ಕೊಂಚ ಸಣ್ಣದಾಗಿ, ಆಂಟಿಮನಿ ಇರುವ ಬೆರಕೆ ಕೊಂಚ ದಪ್ಪವಾಗಿ ಬೀಳುತ್ತದೆ ಎಂಬುದೂ ನೆನಪಿರಲಿ.

ಗಟ್ಟಿತನವನ್ನು ಬ್ರಿನೆಲ್ ಅಳತೆಯಲ್ಲಿ ಹೇಳುತ್ತಾರೆ. ಶುದ್ಧ ಸೀಸ 5, ಗಾಡಿ ಚಕ್ರಕ್ಕೆ ಸಿಕ್ಕಿಸುವ ಹಳೆಯ ಸೀಸದ ತೂಕಗಳು ಸುಮಾರು 12, ಅಚ್ಚುಮೊಳೆಯ ಲೈನೋಟೈಪ್ ಸುಮಾರು 22. ಗಟ್ಟಿ ಇದ್ದಷ್ಟೂ ಒಳ್ಳೆಯದು ಅಂತ ಅಂದುಕೊಳ್ಳಬೇಡಿ. ಲೈನೋಟೈಪ್ ಮೂಳೆಗೆ ಬಡಿದರೆ ಒಡೆದು ಚೂರಾಗಬಹುದು. 1,300ರಿಂದ 1,600 ಅಡಿ ವೇಗದ ಬೇಟೆಗೆ 10ರಿಂದ 12 ಸಾಕು. ಅದಕ್ಕಿಂತ ವೇಗ ಬೇಕೆಂದರೆ ಗುಂಡಿನ ಬುಡಕ್ಕೆ ಗ್ಯಾಸ್ ಚೆಕ್ ಅನ್ನುವ ಪುಟ್ಟ ತಾಮ್ರದ ಬಟ್ಟಲು ಕೂರಿಸುವಂಥ ಅಚ್ಚು ತಗೊಳ್ಳಿ.

ಸೀಸ ವಿಷ. ಗಾಳಿಯಾಡುವ ಜಾಗದಲ್ಲೇ ಕರಗಿಸಿ, ಮಕ್ಕಳನ್ನು ದೂರ ಇಡಿ, ಕೈ ತೊಳೆಯದೆ ಏನನ್ನೂ ತಿನ್ನಬೇಡಿ. ಕರಗಿದ ಸೀಸಕ್ಕೆ ಒಂದು ಹನಿ ನೀರು ಬಿದ್ದರೂ ಅದು ಸಿಡಿದು ಮುಖಕ್ಕೆ ಹಾರುತ್ತದೆ. ಮಾಂಸ ಮಾಡುವಾಗ ಗುಂಡು ಹೋದ ದಾರಿಯ ಸುತ್ತಲಿನ ಭಾಗವನ್ನು ಧಾರಾಳವಾಗಿ ಕತ್ತರಿಸಿ ಎಸೆಯಿರಿ.

9. ಮೊದಲ ಇಪ್ಪತ್ತು ಗುಂಡು

ನಳಿಗೆಯಲ್ಲಿ ಹಳೆಯ ತಾಮ್ರದ ಕಲೆ ಉಳಿದಿದ್ದರೆ ಪೂರ್ತಿ ತೆಗೆಯಿರಿ. ಕೈಪಿಡಿಯ ಹಗುರ ಪಟ್ಟಿಯಿಂದ ಶುರು ಮಾಡಿ, ಇಪ್ಪತ್ತು ಗುಂಡು ನಿಧಾನವಾಗಿ ಹಾರಿಸಿ. ಗುರಿಹಲಗೆ ನೋಡುವ ಮೊದಲು ನಳಿಗೆ ನೋಡಿ. ಸೀಸ ಗಂಟಲಿನ ಹತ್ತಿರ ಅಂಟಿದ್ದರೆ ಗುಂಡು ಸಣ್ಣದಾಗಿದೆ. ಬಾಯಿಯ ಹತ್ತಿರ ಮಾತ್ರ ಅಂಟಿದ್ದರೆ ಮೇಣ ದಾರಿಯಲ್ಲೇ ಮುಗಿದುಹೋಗಿದೆ, ಜಾಸ್ತಿ ಮೇಣ ಹಿಡಿಯುವ ಗುಂಡು ಬೇಕು. ನಳಿಗೆಯ ಬಾಯಿಯ ಸುತ್ತ ನಕ್ಷತ್ರದ ಹಾಗೆ ಮೇಣದ ಗೆರೆಗಳು ಮೂಡಿ, ಒಳಗೆ ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ ಆ ಗುಂಡು, ಆ ಮದ್ದು, ಆ ಮೇಣ ಮೂರನ್ನೂ ಹಾಗೇ ಇಟ್ಟುಕೊಂಡು 100 ಗಜಕ್ಕೆ ಸೈಟ್ ಹೊಂದಿಸಲು ಶುರು ಮಾಡಿ.